ಮಧ್ಯಾಹ್ನದ ಎರಡು ತಾಸು ಉದ್ಯಾನದ ಬೀಗ ತೆಗೆಯಿರಿ

ಮಾನ್ಯ ಸಂಪಾದಕರಿಗೆ,
ನಮಸ್ಕಾರಗಳು.

ಧಾರವಾಡದ ನಮ್ಮ ಬಡಾವಣೆಯಲ್ಲಿ ಒಂದು ಚಿಕ್ಕ ಉದ್ಯಾನವಿದೆ. ಅದರ ಕಾಂಪೌಂಡಿನೊಳಗೆ ಮೂರು ಹುಲಗಲ ಗಿಡ, ಎರಡು ಬೇವಿನ ಗಿಡ ಮತ್ತು ರಸ್ತೆಯ ಅರ್ಧದವರೆಗೂ ನೆರಳು ಚೆಲ್ಲುವ ಒಂದು ಮಳೆಮರ ಇವೆ. ಹೊಂಗೆಗೆ ನಮ್ಮ ಕಡೆ ಹುಲಗಲ ಎನ್ನುತ್ತೇವೆ. ಮರ ಎಷ್ಟೇ ದೊಡ್ಡದಿದ್ದರೂ ಗಿಡವೆಂದೇ ಕರೆಯುವುದು ನಮ್ಮ ರೂಢಿ. ಈ ಉದ್ಯಾನವು ಬೆಳಿಗ್ಗೆ 5:30ರಿಂದ 9ರವರೆಗೆ ಮತ್ತು ಸಂಜೆ 4:30ರಿಂದ 8ರವರೆಗೆ ತೆರೆದಿರುತ್ತದೆ. ನಡುವಿನ ಏಳೂವರೆ ತಾಸು ಗೇಟಿಗೆ ಬೀಗ ಬಿದ್ದಿರುತ್ತದೆ. ಆ ಏಳೂವರೆ ತಾಸಿನಲ್ಲಿ ಎರಡು ತಾಸನ್ನು, ಅಂದರೆ ಮಧ್ಯಾಹ್ನ 2ರಿಂದ 4ರವರೆಗಿನ ಹೊತ್ತನ್ನು, ನನ್ನಂಥವರಿಗೆ ಬಿಟ್ಟುಕೊಡಬೇಕೆಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಇಷ್ಟು ಸಣ್ಣ ಬೇಡಿಕೆಗೆ ಇಷ್ಟು ದೀರ್ಘವಾದ ಪತ್ರವೇಕೆ ಎಂಬುದು ಓದುತ್ತ ಹೋದಂತೆ ತಿಳಿದೀತು ಎಂದು ನಂಬಿದ್ದೇನೆ.

ನಾನು 57 ವರ್ಷದ ಗೃಹಿಣಿ. ಬೆಳಿಗ್ಗೆ ಉದ್ಯಾನದ ಗೇಟು ತೆರೆಯುವ ವೇಳೆಗೆ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುತ್ತೇನೆ. ಡಬ್ಬಿ ಕಟ್ಟಿ ಎಲ್ಲರನ್ನೂ ಕಳಿಸುವುದರೊಳಗೆ ಒಂಬತ್ತು ದಾಟಿರುತ್ತದೆ. ಸಂಜೆ ಗೇಟು ತೆರೆದಾಗ ಮನೆಗೆ ಬಂದವರಿಗೆ ಚಹಾ, ದೇವರ ಮುಂದೆ ದೀಪ, ರಾತ್ರಿಯ ಅಡುಗೆ. ಮಧ್ಯಾಹ್ನದ ಊಟವಾಗಿ, ಪಾತ್ರೆ ತೊಳೆದು, ಒಣಗಿದ ಬಟ್ಟೆ ಮಡಚಿಟ್ಟ ಮೇಲೆ ಸಿಗುವ ಎರಡು ತಾಸು ಮಾತ್ರ ನನ್ನದು. ಇದು ನನ್ನೊಬ್ಬಳ ಲೆಕ್ಕವಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ. ಅದೇ ಕೆಲಸಕ್ಕೆ ಕೈಹಚ್ಚುವ ಗಂಡಸರು ವ್ಯಯಿಸುವುದು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಹೆಂಗಸರ ಲೆಕ್ಕ 299 ನಿಮಿಷವಿತ್ತು. ಐದು ವರ್ಷದಲ್ಲಿ ಉಳಿದದ್ದು ಹತ್ತು ನಿಮಿಷ. ಆ ಹತ್ತು ನಿಮಿಷವನ್ನು ಯಾರು ಹೇಗೆ ಕಳೆದರು ಎಂದು ಓದಿದ ದಿನದಿಂದ ಯೋಚಿಸುತ್ತಲೇ ಇದ್ದೇನೆ.

ಮಧ್ಯಾಹ್ನದ ಹೊತ್ತಿನ ಬೆಲೆ ನನಗೆ ತಿಳಿದದ್ದು ನಮ್ಮ ಅತ್ತೆಯವರಿಂದ. ಲಕ್ವಾ ಹೊಡೆದು ಎಡಭಾಗ ಬಿದ್ದುಹೋದ ಮೇಲೆ ಅವರು ಮೂರು ವರ್ಷ ಹಾಸಿಗೆಯಲ್ಲಿದ್ದರು. ಅವರಿಗೆ ಊಟ ಮಾಡಿಸುವುದು, ಮೈ ಒರೆಸುವುದು, ಎರಡೆರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು ನನ್ನ ಕೆಲಸವಾಗಿತ್ತು. ಮೊದಲ ವರ್ಷ ಅವರ ಮಂಚ ನಡುಮನೆಯಲ್ಲಿ ಗೋಡೆಗೆ ಎದುರಾಗಿತ್ತು. ನಮಗೆ ಓಡಾಡಲು ಅದು ಅನುಕೂಲವಾಗಿತ್ತು, ಅಷ್ಟೇ. ಒಂದು ದಿನ ಅವರು ತೊದಲುತ್ತ, “ಯವ್ವಾ, ದಿನಾ ಈ ಗ್ವಾಡಿ ನೋಡಿ ಸಾಕಾಗೇತಿ. ನನ್ನ ಮಂಚಾ ಆ ಕಿಡಕಿ ಕಡೆ ಹೊಳ್ಳಸ” ಎಂದರು. ಹಿತ್ತಿಲ ಕಡೆಯ ಆ ಕಿಟಕಿಯಾಚೆ ಇದ್ದದ್ದು ಒಂದು ಹುಲಗಲ ಗಿಡ. ಅಂದು ಮಂಚ ಹೊರಳಿಸಿದೆವು. ಅವರ ಕಾಯಿಲೆಯೇನೂ ಅದರಿಂದ ವಾಸಿಯಾಗಲಿಲ್ಲ. ಆದರೆ ಮಧ್ಯಾಹ್ನದ ಹೊತ್ತಿನಲ್ಲಿ ನರಳುತ್ತ ನನ್ನನ್ನು ಕೂಗುತ್ತಿದ್ದವರು, ಇಣಚಿ ಯಾವ ಟೊಂಗೆಯಿಂದ ಯಾವ ಟೊಂಗೆಗೆ ಹಾರಿತು ಎಂದು ಹೇಳಲು ಕೂಗತೊಡಗಿದರು.

ಇದನ್ನು ನಾನು ಆಗ ಮುದುಕಿಯ ಮನಸ್ಸಿನ ಸಮಾಧಾನವೆಂದು ತಿಳಿದಿದ್ದೆ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಇದನ್ನೇ ಲೆಕ್ಕವಿಟ್ಟು ನೋಡಿದ್ದಾರೆಂದು ತಿಳಿದದ್ದು ಆಮೇಲೆ. ರೋಜರ್ ಉಲ್ರಿಚ್ ಎಂಬ ಸಂಶೋಧಕರು 1972ರಿಂದ 1981ರವರೆಗೆ ಅಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಹೋಲಿಸಿ, 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರಲ್ಲಿ ಅರ್ಧದಷ್ಟು ಜನರ ಕಿಟಕಿಗೆ ಮರಗಳು ಕಾಣುತ್ತಿದ್ದವು, ಉಳಿದರ್ಧ ಜನರ ಕಿಟಕಿಗೆ ಇಟ್ಟಿಗೆಯ ಗೋಡೆ ಕಾಣುತ್ತಿತ್ತು. ಮರ ಕಾಣುತ್ತಿದ್ದವರು ಸ್ವಲ್ಪ ಬೇಗ ಮನೆಗೆ ಹೋದರು, ಅವರಿಗೆ ತೀವ್ರವಾದ ನೋವಿನ ಔಷಧ ಕಡಿಮೆ ಸಾಕಾಯಿತು. ನಮ್ಮ ಅತ್ತೆಯವರು ಕೇಳಿದ್ದೂ ಇದನ್ನೇ ಅಲ್ಲವೆ? ಒಂದು ವರ್ಷ ಅವರನ್ನು ಗೋಡೆಯ ಎದುರು ಮಲಗಿಸಿದ್ದಕ್ಕೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಮಂಚ ಹೊರಳಿಸಿದ ಒಂದು ವಾರಕ್ಕೆ ಇನ್ನೊಂದು ಮಾತು ಹೇಳಿದರು. ನಾನು ಎಂದಿನಂತೆ ಒಂದು ಕೈಯಲ್ಲಿ ಚಹಾದ ಕಪ್ಪು, ಇನ್ನೊಂದು ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತೇ ಇದ್ದೆ. “ನೀನೂ ಒಂದ ಗಳಿಗಿ ಕೂಡ ಬಾ. ಕೆಲಸ ಎಲ್ಲಿ ಓಡಿ ಹೋಗತೈತಿ?” ಎಂದರು. ಮದುವೆಯಾಗಿ ಬಂದು ಮೂವತ್ತು ವರ್ಷವಾಗಿತ್ತು. ಕೂಡು ಎಂದು ಆ ಮನೆಯಲ್ಲಿ ಯಾರಾದರೂ ನನಗೆ ಹೇಳಿದ್ದು ಅದೇ ಮೊದಲು. ಅವರಿಗೂ ಯಾರೂ ಹೇಳಿರಲಿಕ್ಕಿಲ್ಲ ಎಂಬುದು ಅವರು ಹೇಳಿದ ರೀತಿಯಲ್ಲೇ ತಿಳಿಯುತ್ತಿತ್ತು. ಮಂಚದ ಕಾಲ ಹತ್ತಿರ ಕುಳಿತೆ. ಚಹಾ ಇನ್ನೂ ಬಿಸಿಯಿತ್ತು. ಆರಿ ತಣ್ಣಗಾದ ಚಹಾವನ್ನು ಅಡುಗೆಮನೆಯ ಕಟ್ಟೆಗೆ ಒರಗಿ ಒಂದೇ ಗುಟುಕಿಗೆ ಕುಡಿಯುವುದು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಬಿಸಿ ಚಹಾದ ರುಚಿಯೇ ಹೊಸದೆನಿಸಿತು. ಅಂದಿನಿಂದ ದಿನವೂ ಒಂದಿಷ್ಟು ಹೊತ್ತು ಇಬ್ಬರೂ ಆ ಗಿಡವನ್ನು ನೋಡುತ್ತ ಕೂರುವುದು ರೂಢಿಯಾಯಿತು.

ಇಡೀ ಎರಡು ವರ್ಷ ಒಂದೇ ಗಿಡವನ್ನು ನೋಡಿದ್ದೇವೆಂದರೆ ಬೇಸರವಾಗಲಿಲ್ಲವೆ ಎಂದು ಕೇಳುವವರಿದ್ದಾರೆ. ಹುಲಗಲ ಗಿಡ ಎರಡು ದಿನ ಒಂದೇ ರೀತಿ ಇರುವುದಿಲ್ಲ. ಶಿವರಾತ್ರಿಯ ಸುಮಾರಿಗೆ ಎಲೆ ಉದುರಿ ಹಿತ್ತಿಲೆಲ್ಲ ಸರಸರ ಸದ್ದು. ಗುಡಿಸಿ ಗುಡಿಸಿ ಸಾಕಾಗುವಷ್ಟರಲ್ಲಿ, ಯುಗಾದಿಯ ಹೊತ್ತಿಗೆ, ಎಣ್ಣೆ ಹಚ್ಚಿದಂತೆ ಮಿನುಗುವ ಎಳೆಯ ಚಿಗುರು. ಬಿಸಿಲು ನೆತ್ತಿ ಸುಡುವ ದಿನಗಳಲ್ಲೇ ಅದರ ನೆರಳು ಅತ್ಯಂತ ದಟ್ಟವಾಗಿರುತ್ತದೆ. ಆಮೇಲೆ ತೆಳು ನೇರಳೆ ಬಿಳುಪಿನ ಹೂ ಗೊಂಚಲು, ಅವುಗಳ ಸುತ್ತ ಜೇನ್ನೊಣಗಳ ಗುಂಯ್‌ಗುಡುವಿಕೆ, ಬೆಳಗಾದರೆ ನೆಲದ ಮೇಲೆ ಹುರಿದ ಅಳ್ಳು ಚೆಲ್ಲಿದಂತೆ ಹೂ. ಮೃಗಶಿರ ಮಳೆ ಹಿಡಿದಾಗ ಕಾಂಡ ಕಪ್ಪಾಗಿ, ಎಲೆಯ ತುದಿಯಿಂದ ಒಂದೊಂದೇ ಹನಿ ತೊಟ್ಟಿಕ್ಕುವುದನ್ನು ಅತ್ತೆಯವರು ಎಣಿಸುತ್ತಿದ್ದರು. ಬೇಸಿಗೆಯ ಮಧ್ಯಾಹ್ನ ಊರೆಲ್ಲ ಸದ್ದಡಗಿದಾಗ ಕಂಚುಗಾರ ಹಕ್ಕಿಯೊಂದು ತಾಮ್ರದ ಕೊಡ ಬಡಿದಂತೆ ಟುಕ್ ಟುಕ್ ಎಂದು ಒಂದೇ ಲಯದಲ್ಲಿ ಕೂಗುತ್ತಿತ್ತು. ಅಷ್ಟು ವರ್ಷ ಅದೇ ಮನೆಯಲ್ಲಿದ್ದೂ ನಾನು ಆ ಸದ್ದನ್ನು ಎಲ್ಲೋ ಕೆಲಸ ನಡೆದಿದೆ ಎಂದೇ ತಿಳಿದಿದ್ದೆ.

ತನ್ನ ಮೇಲೆ ತಾನು ಕರುಣೆ ತೋರಿಕೊಳ್ಳುವುದು ಸ್ವಾರ್ಥವಲ್ಲವೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ನಮ್ಮಲ್ಲಿ ಒಳ್ಳೆಯ ಹೆಣ್ಣುಮಗಳೆಂದರೆ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವವಳು, ಜ್ವರ ಬಂದರೂ ಹೇಳದವಳು. ಹಾಗೆ ಹೊಗಳಿಸಿಕೊಳ್ಳುತ್ತಲೇ ನಾನೂ ಬೆಳೆದೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ ಅವರು 2003ರಿಂದ ಈ ವಿಷಯವನ್ನೇ ಅಧ್ಯಯನ ಮಾಡುತ್ತ ಬಂದಿದ್ದಾರೆ. ಸ್ವಾನುಕಂಪವೆಂಬುದಕ್ಕೆ ಅವರು ಹೇಳುವ ಮೂರು ಅಂಗಗಳಲ್ಲಿ ನನಗೆ ಬಹಳ ಹಿಡಿಸಿದ್ದು ಎರಡನೆಯದು: ಕಷ್ಟ, ಸೋಲು, ತಪ್ಪು ನನ್ನೊಬ್ಬಳದೇ ಅಲ್ಲ, ಮನುಷ್ಯರಾಗಿ ಹುಟ್ಟಿದ ಎಲ್ಲರದೂ ಹೌದೆಂದು ಕಾಣುವುದು. ತನಗೆ ತಾನು ಬೈದುಕೊಳ್ಳದೆ ಗೆಳತಿಗೆ ಹೇಳುವಂತೆ ಹೇಳಿಕೊಳ್ಳುವುದು ಮೊದಲನೆಯದು. ನೋವನ್ನು ಮುಚ್ಚದೆ, ಹಿಗ್ಗಿಸದೆ, ಇದ್ದಷ್ಟೇ ನೋಡುವುದು ಮೂರನೆಯದು. ಅತ್ತೆಯವರ ಮಗ್ಗುಲು ಬದಲಿಸಲು ಅರ್ಧ ತಾಸು ತಡವಾಗಿ, ಬೆನ್ನ ಮೇಲೆ ಚರ್ಮ ಕೆಂಪಾಗಿದ್ದ ದಿನ ನಾನು ರಾತ್ರಿಯೆಲ್ಲ ನನ್ನನ್ನೇ ಹಳಿದುಕೊಂಡಿದ್ದೆ. ಅದೇ ತಪ್ಪು ಪಕ್ಕದ ಮನೆಯ ಅಕ್ಕನಿಂದ ಆಗಿದ್ದರೆ “ಇರಲಿ ಬಿಡ್ರಿ ಅಕ್ಕಾ, ನೀವರ ಎಷ್ಟಂತ ಮಾಡತೀರಿ” ಎನ್ನುತ್ತಿದ್ದೆ. ಸಕಲ ಜೀವಿಗಳಲ್ಲಿಯೂ ದಯೆಯಿರಬೇಕೆಂದು ಸಣ್ಣವರಿದ್ದಾಗಲೇ ನಮಗೆ ಕಲಿಸುತ್ತಾರೆ. ಆ ಸಕಲ ಜೀವಿಗಳಲ್ಲಿ ನಾನೂ ಒಬ್ಬಳೆಂದು ಲೆಕ್ಕ ಹಿಡಿಯಲು ನನಗೆ ಐವತ್ತು ವರ್ಷ ಬೇಕಾಯಿತು.

ಹಾಗೆ ನೋಡಿದರೆ ಇದು ನಮ್ಮ ಸೀಮೆಗೆ ಹೊಸದಲ್ಲ. ನಾಗರ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವುದು, ಅಲ್ಲಿ ಬೇವಿನ ಗಿಡಕ್ಕೋ ಹುಣಸೆ ಗಿಡಕ್ಕೋ ಜೋಕಾಲಿ ಕಟ್ಟುವುದು, ಶೇಂಗಾ ಉಂಡಿ ತಿನ್ನುತ್ತ ಮದುವೆಯಾದ ಹೆಣ್ಣುಮಕ್ಕಳು ಮುಗಿಲಿಗೆ ಜೀಕುವುದು, ಇದೆಲ್ಲ ವರ್ಷಕ್ಕೊಮ್ಮೆಯಾದರೂ ಅವರಿಗೆ ಸಿಗಲೇಬೇಕಾದ ಬಿಡುವೆಂದು ಹಿರಿಯರು ಒಪ್ಪಿಕೊಂಡದ್ದರ ಗುರುತು. ಶೀಗೆ ಹುಣ್ಣಿಮೆಗೆ ಮತ್ತು ಎಳ್ಳ ಅಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ತುಂಬಿನಿಂತ ಬೆಳೆಯನ್ನು ಬಸುರಿ ಹೆಣ್ಣೆಂದು ಭಾವಿಸಿ ಚರಗ ಚೆಲ್ಲುತ್ತೇವೆ, ಅಂದರೆ ನೈವೇದ್ಯದ ಅಡುಗೆಯನ್ನು ಹೊಲದಲ್ಲಿ ಎರಚುತ್ತೇವೆ, ಆಮೇಲೆ ಬನ್ನಿ ಗಿಡದ ಕೆಳಗೆ ಕುಳಿತು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು ಉಣ್ಣುತ್ತೇವೆ. ಆ ದಿನ ಹೊಲದಲ್ಲಿ ಯಾರೂ ಕೆಲಸ ಮಾಡುವುದಿಲ್ಲ. ನೋಡಲಿಕ್ಕೆಂದೇ, ಕೂರಲಿಕ್ಕೆಂದೇ ಹೋಗುವ ದಿನವದು. ಊರು ಬಿಟ್ಟು ಬಡಾವಣೆಗೆ ಬಂದವರಿಗೆ ಹೊಲವೂ ಇಲ್ಲ, ಜೋಕಾಲಿ ಕಟ್ಟುವ ಟೊಂಗೆಯೂ ಇಲ್ಲ. ಉಳಿದಿರುವುದು ಉದ್ಯಾನದ ನಾಲ್ಕಾರು ಗಿಡಗಳು ಮಾತ್ರ.

ನನ್ನ ತವರು ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಕಡೆ. ಅತ್ತೆಯವರು ತೀರಿಕೊಂಡ ಮೇಲಿನ ಚಳಿಗಾಲದಲ್ಲಿ ಅಣ್ಣ ನನ್ನನ್ನು ಮಾಗಡಿ ಕೆರೆಗೆ ಕರೆದುಕೊಂಡು ಹೋಗಿದ್ದ. ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿ ಸಾವಿರಗಟ್ಟಲೆ ಇಳಿಯುತ್ತವೆ. ನೆತ್ತಿಯ ಮೇಲೆ ಎರಡು ಕಪ್ಪು ಪಟ್ಟೆ, ಬೂದು ಮೈ. ಹಗಲೆಲ್ಲ ನೀರಿನಲ್ಲಿ ವಿಶ್ರಾಂತಿ ಪಡೆದು, ಹೊತ್ತು ಮುಳುಗುವಾಗ ಗುಂಪುಗುಂಪಾಗಿ ಎದ್ದು ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಸುಮಾರು 54 ಹೆಕ್ಟೇರಿನ ಈ ಕೆರೆಗೆ 2024ರಲ್ಲಿ, ಮಹತ್ವದ ಜೌಗು ಪ್ರದೇಶಗಳಿಗೆ ಕೊಡುವ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆತಿದೆ. ಅಷ್ಟು ದೂರ ಹಾರುವ ಹಕ್ಕಿಯೂ ಹಗಲು ಹೊತ್ತು ರೆಕ್ಕೆಯಲ್ಲಿ ಕೊಕ್ಕು ಹುದುಗಿಸಿ ಸುಮ್ಮನೆ ತೇಲುವುದನ್ನು ಕಂಡು ನನಗೆ ಅಳು ಬಂತು. ಅತ್ತೆಯವರು ತೀರಿಕೊಂಡ ದಿನ ಮನೆ ತುಂಬ ಜನ, ಅವರಿಗೆಲ್ಲ ಚಹಾ ಮಾಡುವ ಗದ್ದಲದಲ್ಲಿ ನಾನು ಅತ್ತಿರಲಿಲ್ಲ. ಅಣ್ಣ ಏನೂ ಕೇಳದೆ ಕೆರೆಯ ಏರಿಯ ಮೇಲೆ ನನ್ನ ಪಕ್ಕದಲ್ಲಿ ಕುಳಿತಿದ್ದ. ಆದರೆ ಮಾಗಡಿಗೆ ವರ್ಷಕ್ಕೊಮ್ಮೆ ಹೋಗಬಹುದು. ಕಪ್ಪತಗುಡ್ಡಕ್ಕೋ, ರಾಣೆಬೆನ್ನೂರಿನ ಕೃಷ್ಣಮೃಗಗಳನ್ನು ನೋಡಲೋ ಎಂದಾದರೊಮ್ಮೆ ಹೋಗಬಹುದು. ದಿನನಿತ್ಯದ ಜೀವಕ್ಕೆ ಬೇಕಾದದ್ದು ಚಪ್ಪಲಿ ಮೆಟ್ಟಿಕೊಂಡು ಐದು ನಿಮಿಷದಲ್ಲಿ ತಲುಪಬಹುದಾದ ನೆರಳು.

ಆ ನೆರಳಿನಲ್ಲಿ ಎಷ್ಟು ಹೊತ್ತು ಇರಬೇಕೆಂಬುದಕ್ಕೂ ಒಂದು ಅಂದಾಜು ಸಿಗುತ್ತದೆ. ಇಂಗ್ಲೆಂಡಿನಲ್ಲಿ ಸುಮಾರು 20,000 ಜನರ ಮಾಹಿತಿ ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಕಳೆಯುವವರು, ಹಾಗೆ ಕಳೆಯದವರಿಗಿಂತ, ತಮ್ಮ ಆರೋಗ್ಯ ಮತ್ತು ನೆಮ್ಮದಿ ಚೆನ್ನಾಗಿದೆ ಎಂದು ಹೆಚ್ಚಾಗಿ ಹೇಳಿದರು. ಒಮ್ಮೆಲೇ ಕಳೆದರೂ, ದಿನಕ್ಕಿಷ್ಟೆಂದು ಹಂಚಿಕೊಂಡರೂ ವ್ಯತ್ಯಾಸ ಕಾಣಲಿಲ್ಲ. ಆರೋಗ್ಯವಂತರೇ ಹೆಚ್ಚು ಹೊರಗೆ ಹೋಗುವುದೂ ಇದಕ್ಕೆ ಕಾರಣವಿರಬಹುದಾದ್ದರಿಂದ ಇದನ್ನು ಔಷಧದ ಚೀಟಿಯಂತೆ ಓದಬಾರದು. ಆದರೂ ದಿನದ ಲೆಕ್ಕಕ್ಕೆ ಇಳಿಸಿದರೆ ಅದು ಹದಿನೇಳು ನಿಮಿಷ. ನಮ್ಮ ಉದ್ಯಾನದ ಬೀಗ ತೆಗೆದರೆ ನಮ್ಮ ಓಣಿಯ ಪ್ರತಿಯೊಬ್ಬ ಹೆಂಗಸಿಗೂ ಆ ಹದಿನೇಳು ನಿಮಿಷ ಸಿಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಗಿಡದ ಕೆಳಗೆ ಕುಳಿತರೆ ಮನೋರೋಗ ವಾಸಿಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ, ಆಗ ಬೇಕಾದದ್ದು ವೈದ್ಯರು. ನಮ್ಮ ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಡಿಮ್ಹಾನ್ಸ್ ಸಂಸ್ಥೆಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಅಲ್ಲಿಗೆ ಕರೆ ಮಾಡುವುದೂ ತನಗೆ ತಾನು ತೋರಿಕೊಳ್ಳುವ ಕರುಣೆಯೇ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಈಗ ಬೀಗದ ಮಾತಿಗೆ ಬರುತ್ತೇನೆ. ಅತ್ತೆಯವರು ಹೋದ ಮೇಲೆ ನಾವು ಮನೆ ಬದಲಿಸಿದೆವು. ಹೊಸ ಮನೆಗೆ ಹಿತ್ತಿಲಿಲ್ಲ, ಕಿಟಕಿಗೆ ಕಾಣುವುದು ಎದುರಿನ ಕಟ್ಟಡದ ನೀರಿನ ಟಾಕಿ. ಒಂದು ಮಧ್ಯಾಹ್ನ ಉದ್ಯಾನಕ್ಕೆ ಹೋದಾಗ ಗೇಟು ಹಾಕಿತ್ತು. ಕಾವಲುಗಾರ ಮುಖ ಸಣ್ಣದು ಮಾಡಿಕೊಂಡು, “ಅಕ್ಕಾರ, ಮ್ಯಾಲಿನವರ ಹುಕುಂ ಐತ್ರಿ, ನಾಲ್ಕೂವರಿತನಾ ತಗಿಯಾಕ ಬರಂಗಿಲ್ರಿ” ಎಂದ. ಅವನ ತಪ್ಪಲ್ಲ. ಸಂಬಂಧಪಟ್ಟ ಕಚೇರಿಗೆ ಹೋಗಿ ಕೇಳಿದಾಗ ಎರಡು ಕಾರಣ ಹೇಳಿದರು: ಮಧ್ಯಾಹ್ನ ಹುಡುಗರು ಬಂದು ಗದ್ದಲ ಮಾಡುತ್ತಾರೆ, ಮತ್ತು ಗಿಡಗಳಿಗೆ ನೀರು ಹಾಕಲು, ಕಸ ಗುಡಿಸಲು ಆ ಹೊತ್ತು ಬೇಕು. ಎರಡನೆಯ ಕಾರಣವನ್ನು ನಾನು ಗೌರವಿಸುತ್ತೇನೆ. ಆದರೆ ಸುಡುಬಿಸಿಲಿನ ಎರಡು ಗಂಟೆಗೆ ಯಾರೂ ಗಿಡಕ್ಕೆ ನೀರು ಹಾಕುವುದಿಲ್ಲ. ಇನ್ನು ಹುಡುಗರ ವಿಷಯ. ಹತ್ತು ಜನ ಹೆಂಗಸರು ಕುಳಿತಿರುವಲ್ಲಿ ಯಾವ ಹುಡುಗರೂ ಗದ್ದಲ ಮಾಡಲಿಕ್ಕಿಲ್ಲ, ಮತ್ತು ಪರೀಕ್ಷೆಗೆ ಓದಲು ಜಾಗವಿಲ್ಲದೆ ಅಲೆಯುವ ಹಾಸ್ಟೆಲಿನ ಮಕ್ಕಳೂ ಈ ಊರಿನಲ್ಲಿ ಬಹಳ ಇದ್ದಾರೆ. ಅವರೂ ಬಂದು ನೆರಳಿನಲ್ಲಿ ಓದಿಕೊಳ್ಳಲಿ. ಬೆಂಗಳೂರಿನಲ್ಲಿ 2024ರಲ್ಲಿ ಪಾಲಿಕೆಯ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ನಿರ್ಧಾರವಾಯಿತು. ಅಲ್ಲಿ ಆಗಬಹುದಾದದ್ದು ಹುಬ್ಬಳ್ಳಿ-ಧಾರವಾಡದಲ್ಲಿ, ಗದಗಿನಲ್ಲಿ, ಹಾವೇರಿಯಲ್ಲಿ ಏಕೆ ಆಗಬಾರದು?

ಗೇಟು ತೆರೆದರೆ ಸಾಲದು ಎಂಬುದೂ ನಿಜ. ನಮ್ಮ ಉದ್ಯಾನದ ಐದು ಬೆಂಚುಗಳಲ್ಲಿ ನಾಲ್ಕು ನೇರ ಬಿಸಿಲಿನಲ್ಲಿವೆ. ಅವುಗಳನ್ನು ಕಿತ್ತು ಮಳೆಮರದ ಕೆಳಗೆ ಹಾಕಿದರೆ ಹೊಸ ಖರ್ಚೇನೂ ಇಲ್ಲ. ಹೆಂಗಸರಿಗೆ ಶುಚಿಯಾದ ಒಂದು ಶೌಚಾಲಯ ಬೇಕು, ಅದಿಲ್ಲದಿದ್ದರೆ ವಯಸ್ಸಾದವರು ಮನೆ ಬಿಟ್ಟು ಹೊರಡುವುದೇ ಇಲ್ಲ. ಮಣ್ಣಿನ ನೆಲವನ್ನೆಲ್ಲ ಸಿಮೆಂಟಿನ ಪೇವರ್‌ಗಳಿಂದ ಮುಚ್ಚುವ ಕೆಲಸವನ್ನು ದಯವಿಟ್ಟು ಅಷ್ಟಕ್ಕೇ ನಿಲ್ಲಿಸಬೇಕು. ಬರಿಗಾಲಿನಲ್ಲಿ ಹಸಿ ಮಣ್ಣು ತುಳಿಯುವ ಸುಖವನ್ನು ನಮ್ಮ ಮೊಮ್ಮಕ್ಕಳಿಗೂ ಉಳಿಸೋಣ. ಪ್ರತಿ ಗಿಡಕ್ಕೂ ಅದರ ಹೆಸರಿನ ಒಂದು ಚಿಕ್ಕ ಫಲಕ ಹಾಕಿ, ಅದರಲ್ಲಿ ಹೊಂಗೆಯ ಜೊತೆಗೆ ಹುಲಗಲ ಎಂದೂ ಬರೆದರೆ ನನಗೆ ಬಹಳ ಸಂತೋಷವಾಗುತ್ತದೆ. ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ರಸ್ತೆ ಅಗಲವಾದಾಗ ನಾವು ಎಷ್ಟೋ ದೊಡ್ಡ ಗಿಡಗಳನ್ನು ಕಳೆದುಕೊಂಡೆವು. ಉಳಿದವುಗಳ ಕೆಳಗೆ ಕೂರುವುದಕ್ಕಾದರೂ ಅವಕಾಶವಿರಲಿ.

ನಮ್ಮ ಓಣಿಯ ಹನ್ನೊಂದು ಹೆಂಗಸರು ಸಹಿ ಹಾಕಿದ ಮನವಿಯನ್ನು ಈಗಾಗಲೇ ಸಲ್ಲಿಸಿದ್ದೇವೆ. ಅವರಲ್ಲಿ ಮೂವರು ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು. ಸರದಿಯ ಮೇಲೆ ಒಬ್ಬರ ಮನೆಯ ರೋಗಿಯ ಬಳಿ ಇನ್ನೊಬ್ಬರು ಕುಳಿತು, ಆ ಮನೆಯವಳನ್ನು ಅರ್ಧ ತಾಸು ಉದ್ಯಾನಕ್ಕೆ ಕಳಿಸುವುದೆಂದು ನಮ್ಮ ನಮ್ಮಲ್ಲೇ ಮಾತಾಗಿದೆ. ಮಧ್ಯಾಹ್ನಕ್ಕೆ ಪ್ರತ್ಯೇಕ ಕಾವಲುಗಾರನನ್ನು ನೇಮಿಸುವುದು ಕಷ್ಟವಾದರೆ, ಗೇಟಿನ ಬೀಗದ ಕೈಯನ್ನು ನಮ್ಮಲ್ಲಿ ಒಬ್ಬರ ವಶಕ್ಕೆ ಕೊಟ್ಟರೂ ಆದೀತು. ಎರಡಕ್ಕೆ ತೆಗೆದು, ನಾಲ್ಕಕ್ಕೆ ಬೀಗ ಹಾಕಿ, ಕಸ ಬಿದ್ದಿದ್ದರೆ ಆಯ್ದು, ಬೀಗದ ಕೈಯನ್ನು ಕಾವಲುಗಾರನಿಗೆ ಮರಳಿಸುವ ಜವಾಬ್ದಾರಿಯನ್ನು ನಾನೇ ಹೊರುತ್ತೇನೆ. ಹುಲಗಲ ಹೂಬಿಡುವ ದಿನಗಳಿಗಿಂತ ಮೊದಲು ಇದಾಗಲಿ ಎಂಬುದಷ್ಟೇ ನಮ್ಮ ಕೋರಿಕೆ.

ಇಂತಿ ತಮ್ಮ ವಿಶ್ವಾಸಿ,
ಓದುಗಳೊಬ್ಬಳು
ಧಾರವಾಡ